ಗರಡಿಯನ್ನೂ ಗುರುವನ್ನೂ ಆರಿಸುವ ಬಗೆ

ಮನುಷ್ಯನು ಕಲಿಯುವ ವಿದ್ಯೆಗಳಲ್ಲಿ ಕೆಲವು ಪುಸ್ತಕದಿಂದ ಬರತಕ್ಕವು, ಕೆಲವು ಮೈಯಿಂದ ಬರತಕ್ಕವು. ಲೆಕ್ಕದಲ್ಲಿ ದಾರಿ ತಪ್ಪಿದ ವಿದ್ಯಾರ್ಥಿಯು ಬರೆದುದನ್ನು ಅಳಿಸಿ ಮತ್ತೆ ಮಾಡಬಹುದು. ಆದರೆ ತಪ್ಪಾಗಿ ತಿರುಚಿದ ಮಂಡಿಯನ್ನಾಗಲಿ, ಪೆಟ್ಟುಬಿದ್ದ ತಲೆಯನ್ನಾಗಲಿ ಹಾಗೆ ಅಳಿಸಿ ತಿದ್ದಲು ಬರುವುದಿಲ್ಲ. ಕುಸ್ತಿ, ಕೋಲುವರಸೆ, ಕಳರಿ, ಜೂಡೋ, ಕರಾಟೆ ಮೊದಲಾದ ಕಾಳಗದ ಕಲೆಗಳು ಈ ಎರಡನೆಯ ಬಗೆಗೆ ಸೇರಿದವು. ಆದುದರಿಂದ ಇವುಗಳಲ್ಲಿ ಯಾವುದನ್ನು ಕಲಿಯಬೇಕೆಂಬ ಪ್ರಶ್ನೆಗಿಂತಲೂ ಯಾರಲ್ಲಿ ಕಲಿಯಬೇಕೆಂಬ ಪ್ರಶ್ನೆಯೇ ಹೆಚ್ಚು ತೂಕವುಳ್ಳದ್ದು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲಸಿರುವ ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಇಂದು ಇಂತಹ ಕಲೆಗಳ ಬಾಗಿಲು ಹಲವು ಕಡೆ ತೆರೆದಿದೆ. ತಮಿಳುನಾಡಿನ ಸಿಲಂಬವು ಇಲ್ಲಿಯ ಮಣ್ಣಿನದೇ ಕಲೆ. ಪಾಲಕ್ಕಾಡಿನ ಕಣಿವೆಯನ್ನು ದಾಟಿದರೆ ಕೇರಳದ ಕಳರಿಪಯಟ್ಟು. ಊರಿನ ಬೀದಿಬೀದಿಯಲ್ಲಿ ಕರಾಟೆ, ಟೇಕ್ವಾಂಡೋ ತರಗತಿಗಳ ಫಲಕಗಳು. ಗಿರಣಿಯಲ್ಲಿಯೋ ಮಗ್ಗದ ಮುಂದೆಯೋ ಬನಿಯನ್ ಕಾರ್ಖಾನೆಯಲ್ಲಿಯೋ ದುಡಿದು ಬರುವ ತಂದೆತಾಯಿಗಳು ಮಗುವಿನ ಆಸೆಗೆ ಒಪ್ಪಿ ಶುಲ್ಕವನ್ನು ಕಟ್ಟುತ್ತಾರೆ. ಆದರೆ ಒಳಗೆ ಏನು ನಡೆಯುತ್ತದೆಂಬುದನ್ನು ನೋಡಲು ಅವರಿಗೆ ಬಿಡುವು ಸಿಗುವುದು ಕಡಮೆ. ಈ ಲೇಖನದಲ್ಲಿ ನಾವು ಆ ನೋಟಕ್ಕೆ ಬೇಕಾದ ಕೆಲವು ಅಳತೆಗೋಲುಗಳನ್ನು ಕೊಡಲು ಬಯಸುತ್ತೇವೆ.

ಹಿಂದಿನವರ ಪದ್ಧತಿ

ಮೊದಲು ನಮ್ಮ ಹಿರಿಯರು ಈ ವಿದ್ಯೆಯನ್ನು ಹೇಗೆ ಕಲಿಸುತ್ತಿದ್ದರೆಂಬುದನ್ನು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮಲ್ಲವಿನೋದವೆಂಬ ಒಂದು ಭಾಗವುಂಟು. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ, ಪರಿಣತಿಗಳಿಗೆ ತಕ್ಕಂತೆ ಬೇರೆ ಬೇರೆ ದರ್ಜೆಗಳಾಗಿ ವಿಂಗಡಿಸಿ, ಅವರವರಿಗೆ ಉಚಿತವಾದ ಆಹಾರವನ್ನೂ ವ್ಯಾಯಾಮವನ್ನೂ ಹೇಳಲಾಗಿದೆ. ಎಲ್ಲರಿಗೂ ಒಂದೇ ಅಳತೆಯಲ್ಲ ಎಂಬ ತತ್ತ್ವವು ಸುಮಾರು 900 ವರ್ಷಗಳ ಹಿಂದೆಯೇ ಕನ್ನಡ ನಾಡಿನ ಅರಮನೆಯಲ್ಲಿ ತಿಳಿದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೈಸೂರಿನ ಗರಡಿಮನೆಗಳನ್ನು ಬಲ್ಲವರು ಅಲ್ಲಿಯ ಕ್ರಮವನ್ನೂ ಬಲ್ಲರು. ಕೆಂಪುಮಣ್ಣನ್ನು ಜರಡಿಹಿಡಿದು ಹದಮಾಡಿದ ಮಟ್ಟಿ, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು. ಹೊಸಬನು ಬಂದೊಡನೆಯೇ ಪಟ್ಟುಗಳನ್ನು ಹಾಕುವುದಿಲ್ಲ. ಮೊದಲು ಮಟ್ಟಿಯನ್ನು ಅಗೆದು ಸಡಿಲಿಸುತ್ತಾನೆ. ದಂಡೆ ಬಸ್ಕಿಗಳಿಂದ ಮೈಯನ್ನು ಹುರಿಗೊಳಿಸುತ್ತಾನೆ. ಆಮೇಲೆ ಹಿರಿಯರ ಜೋಡಿಯಲ್ಲಿ ಬೀಳುವುದನ್ನು ಕಲಿಯುತ್ತಾನೆ. ದಸರೆಯಲ್ಲಿ ಅರಮನೆಯ ಮುಂದೆ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ನೋಡುವವರಿಗೆ ಭಯಂಕರವಾಗಿ ಕಂಡರೂ ಅದಕ್ಕೊಂದು ಕಟ್ಟುನಿಟ್ಟಾದ ಮೇರೆಯುಂಟು: ಒಬ್ಬನ ತಲೆಯಲ್ಲಿ ರಕ್ತದ ಹನಿ ಕಂಡೊಡನೆ ಕಾಳಗವು ನಿಲ್ಲುತ್ತದೆ. ನಿಲ್ಲಿಸತಕ್ಕ ಗಳಿಗೆಯನ್ನು ಮೊದಲೇ ಗೊತ್ತುಮಾಡಿರುವುದು ಈ ಕಲೆಯ ಒಂದು ಮುಖ್ಯ ಲಕ್ಷಣ.

ಕಳರಿಯಲ್ಲಿಯೂ ಇಂತಹುದೇ ಕ್ರಮ. ಸಂಪ್ರದಾಯದ ಕಳರಿಯು 42 ಅಡಿ ಉದ್ದ, 21 ಅಡಿ ಅಗಲವಾಗಿ ನೆಲವನ್ನು ಅಗೆದು ಮಾಡಿದ ಸ್ಥಳ. ಅಲ್ಲಿ ಮೊದಲು ಮೈಯ ಸಾಧನೆ, ಅನಂತರ ಮರದ ಕೋಲುಗಳು, ಅದು ಪಕ್ವವಾದ ಮೇಲೆಯೇ ಕತ್ತಿ ಗುರಾಣಿಗಳು. ಗುರುಕ್ಕಳೆಂದು ಕರೆಯಲ್ಪಡುವ ಗುರುವಿಗೆ ಹೊಡೆಯುವ ವಿದ್ಯೆಯ ಜೊತೆಗೆ ಎಣ್ಣೆಯ ತಿಕ್ಕುವಿಕೆಯೂ, ಉಳುಕು ನೋವುಗಳ ಶುಶ್ರೂಷೆಯೂ ತಿಳಿದಿರಬೇಕು. ವಡಗರದ ಕಡತ್ತನಾಡನ್ ಕಳರಿ ಸಂಘವು 1949ರಲ್ಲಿ ಸ್ಥಾಪಿತವಾದುದು. ಅಲ್ಲಿ ಬಹುಕಾಲ ಕಲಿಸಿದ ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿಯು ಬಂದಿತು. ಈ ಕಲೆಗಳು ಗಂಡುಮಕ್ಕಳ ಸೊತ್ತೆಂದು ತಿಳಿದಿರುವ ಮನೆಗಳು ಈ ಹೆಸರನ್ನು ನೆನಪಿನಲ್ಲಿಡಬೇಕು.

ಸಿಲಂಬದಲ್ಲಿ ಬಿದಿರಿನ ಕೋಲು ಕಲಿಯುವವನ ಹುಬ್ಬಿನ ಮಟ್ಟಕ್ಕೋ ಹಣೆಯ ಮಟ್ಟಕ್ಕೋ ಇರುವುದು ವಾಡಿಕೆ. ಅಂದರೆ ಆಯುಧವೇ ಮಗುವಿನ ಅಳತೆಗೆ ಬರಬೇಕಲ್ಲದೆ ಮಗುವು ಆಯುಧದ ಅಳತೆಗೆ ಹೋಗತಕ್ಕದ್ದಲ್ಲ. ಅಲ್ಲಿಯೂ ಆಸಾನರು ಮೊದಲು ಕಲಿಸುವುದು ಹೆಜ್ಜೆಗಳನ್ನು. ಕಾಲು ನೆಲೆಗೊಳ್ಳದವನ ಕೈಯಲ್ಲಿ ಕೋಲು ನಿಲ್ಲದು. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಖೇಲೋ ಇಂಡಿಯಾ ಯುವ ಕ್ರೀಡಾಕೂಟವು ನಡೆದಾಗ ಸಿಲಂಬಕ್ಕೆ ಪ್ರದರ್ಶನ ಕ್ರೀಡೆಯ ಸ್ಥಾನ ದೊರೆಯಿತು. ಕೊಯಮತ್ತೂರು ಆ ಕೂಟದ ನಾಲ್ಕು ನಗರಗಳಲ್ಲಿ ಒಂದಾಗಿತ್ತು.

ಇಲ್ಲಿ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಗುಡಿಯ ಉತ್ಸವದಲ್ಲಿ ದೇವಾಂಗ ಕುಲದ ವೀರಕುಮಾರರು ಕತ್ತಿಯನ್ನು ಮೈಗೆ ತಾಗಿಸಿಕೊಳ್ಳುವ ಅಲಗುಸೇವೆಯನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಅದು ದೇವಿಗೆ ಸಲ್ಲಿಸುವ ಹರಕೆ. ಅದರ ನಿಯಮಗಳು ಭಕ್ತಿಯ ನಿಯಮಗಳು. ಅದನ್ನು ಕಂಡು ಮನೆಯ ಹಿತ್ತಿಲಲ್ಲಿ ಅಲಗು ಬೀಸುವುದು ಭಕ್ತಿಯೂ ಅಲ್ಲ, ವಿದ್ಯೆಯೂ ಅಲ್ಲ. ಮಕ್ಕಳಿಗೆ ಈ ವ್ಯತ್ಯಾಸವನ್ನು ಹಿರಿಯರು ತಿಳಿಯಹೇಳಬೇಕು.

ಮೊದಲು ಬೀಳುವುದನ್ನು ಕಲಿಸುವವನೇ ಗುರು

ಮೇಲೆ ಹೇಳಿದ ಎಲ್ಲ ಪದ್ಧತಿಗಳಲ್ಲಿಯೂ ಒಂದು ಸಮಾನ ಅಂಶವಿದೆ. ಅದು ಕ್ರಮ. ಈ ಕ್ರಮವನ್ನು ಮುರಿದರೆ ಏನಾಗುತ್ತದೆಂಬುದಕ್ಕೆ ಜಪಾನ್ ದೇಶದ ಅನುಭವವು ಒಂದು ಕಠೋರವಾದ ಪಾಠ. ಜೂಡೋ ಹುಟ್ಟಿದ್ದೇ ಆ ದೇಶದಲ್ಲಿ. 1882ರಲ್ಲಿ ಕಾನೋ ಜಿಗೊರೋ ಎಂಬ ವಿದ್ವಾಂಸರು ತೋಕಿಯೋದಲ್ಲಿ ಕೊಡೊಕಾನ್ ಎಂಬ ಶಾಲೆಯನ್ನು ತೆರೆದು ಈ ಕಲೆಯನ್ನು ರೂಪಿಸಿದರು. ಹೀಗಿದ್ದರೂ 1983ರಿಂದ ಮುಂದಿನ ಮೂರು ದಶಕಗಳಲ್ಲಿ ಜಪಾನಿನ ಶಾಲೆಗಳಲ್ಲಿ ಜೂಡೋ ಅಭ್ಯಾಸ ಮಾಡುತ್ತಿದ್ದ ನೂರಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರೆಂದು ಲೆಕ್ಕ ಹಾಕಿದವರು ಕಂಡುಕೊಂಡರು. ಅನೇಕರ ಸಾವಿಗೆ ಕಾರಣ ತಲೆಯ ಪೆಟ್ಟು. ಆಗತಾನೆ ಸೇರಿದ, ಸರಿಯಾಗಿ ಬೀಳಲು ಇನ್ನೂ ಕಲಿಯದ ಮಕ್ಕಳನ್ನು ಬಲಿಷ್ಠರು ಹಿಂದಕ್ಕೆ ಕೆಡಹಿದುದು ಇಂತಹ ಪೆಟ್ಟುಗಳಿಗೆ ಒಂದು ಮುಖ್ಯ ದಾರಿಯಾಯಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಒಟ್ಟುಗೂಡಿ ದನಿಯೆತ್ತಿದ ಮೇಲೆಯೇ ಈ ವಿಷಯವು ದೇಶದ ಗಮನಕ್ಕೆ ಬಂದಿತು. ಫ್ರಾನ್ಸ್ ದೇಶದಲ್ಲಾದರೋ ಜೂಡೋ ಕಲಿಸುವವರಿಗೆ ಸರ್ಕಾರದ ಅರ್ಹತಾಪತ್ರವಿರಬೇಕೆಂದು 1955ರಷ್ಟು ಹಿಂದೆಯೇ ಕಾನೂನಾಗಿತ್ತು.

ಕಲೆಯು ಕೆಟ್ಟದ್ದೆಂಬುದು ಇದರ ಅರ್ಥವಲ್ಲ. ಕಾನೋ ಅವರ ಪದ್ಧತಿಯಲ್ಲಿ ಬೀಳುವ ಬಗೆಯೇ ಮೊದಲ ಪಾಠ: ಗದ್ದವನ್ನು ಎದೆಗೆ ಒತ್ತಿ, ತಲೆಯು ನೆಲಕ್ಕೆ ತಾಗದಂತೆ, ಕೈಯಿಂದ ನೆಲವನ್ನು ತಟ್ಟಿ ಪೆಟ್ಟನ್ನು ಹಂಚಿಬಿಡುವುದು. ಆ ಪಾಠವನ್ನು ಬಿಟ್ಟು ಮುಂದೆ ಓಡಿದ ಕಡೆಯಲ್ಲಿ ಅಪಾಯವು ಹುಟ್ಟಿತು. ಆದುದರಿಂದ ನೀವು ಯಾವುದೊಂದು ಗರಡಿಗೆ ಹೋದರೂ, ಹೊಸ ಮಗುವಿಗೆ ಮೊದಲ ತಿಂಗಳು ಏನನ್ನು ಕಲಿಸುತ್ತಾರೆಂದು ಕೇಳಿರಿ. ಬೀಳುವುದು, ನಿಲ್ಲುವುದು, ಉಸಿರಾಡುವುದು, ಹೆಜ್ಜೆಯಿಡುವುದು ಎಂಬ ಉತ್ತರ ಬಂದರೆ ಸಂತೋಷಪಡಿರಿ. ಮೊದಲ ವಾರದಲ್ಲಿಯೇ ಹೆಂಚು ಒಡೆಯುವುದನ್ನು ಕಲಿಸುತ್ತೇವೆಂದರೆ ನಮಸ್ಕಾರ ಹೇಳಿ ಹಿಂದಿರುಗಿರಿ. ಬೆಳೆಯುವ ಮಗುವಿನ ಎಲುಬಿನ ತುದಿಗಳು ಇನ್ನೂ ಮೃದುವಾಗಿರುತ್ತವೆ. ಅವು ಹೆಂಚನ್ನು ಒಡೆಯಲು ಇರುವುವಲ್ಲ.

ತಲೆಗೆ ಪೆಟ್ಟು ಬಿದ್ದ ಮಗುವು ತಾನು ಚೆನ್ನಾಗಿದ್ದೇನೆಂದು ಹೇಳಿದರೂ ಅದನ್ನು ಆ ದಿನ ಮತ್ತೆ ಕಣಕ್ಕೆ ಇಳಿಸಬಾರದು. ವಾಂತಿ, ತಲೆನೋವು, ಮಂಕು, ಎಚ್ಚರ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಈ ನಿಯಮವನ್ನು ಕೇಳಿ ನಗುವ ಶಿಕ್ಷಕನು ಎಷ್ಟು ಪದಕಗಳನ್ನು ಗೆದ್ದಿದ್ದರೂ ಮಕ್ಕಳಿಗೆ ತಕ್ಕವನಲ್ಲ.

ಬಲಕ್ಕೊಂದು ಮೇರೆ

ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಾಗ್ಭಟನ 'ಅಷ್ಟಾಂಗಹೃದಯ'ವು ವಿಧಿಸುತ್ತದೆ. ಚಳಿಗಾಲ ವಸಂತಗಳಲ್ಲಿ ಇಷ್ಟು, ಉಳಿದ ಋತುಗಳಲ್ಲಿ ಇನ್ನೂ ಕಡಮೆ. ಅತಿಯಾದರೆ ಬಾಯಾರಿಕೆ, ಏದುಸಿರು, ಜ್ವರ ಮೊದಲಾದುವು ಉಂಟಾಗುತ್ತವೆಂದು ಆ ಗ್ರಂಥವು ಎಚ್ಚರಿಸುತ್ತದೆ. ಕೊಯಮತ್ತೂರಿನ ಚೈತ್ರ ವೈಶಾಖದ ಬಿಸಿಲಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಓಡಿಸುವವರು ಇದನ್ನು ಮರೆಯಬಾರದು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತೇ ಅಭ್ಯಾಸಕ್ಕೆ ಯೋಗ್ಯವಾದುದು. ನಡುನಡುವೆ ನೀರು ಕುಡಿಯಲು ಅವಕಾಶವಿರಬೇಕು. ನೀರನ್ನು ನಿರಾಕರಿಸುವುದು ಶಿಸ್ತು ಎಂಬ ಹಳೆಯ ಭ್ರಮೆಯು ಇನ್ನೂ ಕೆಲವರಲ್ಲಿ ಉಳಿದಿದೆ. 1997ರ ಕೊನೆಯಲ್ಲಿ ಅಮೆರಿಕ ದೇಶದ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಕೆಳಗಿನ ತೂಕದ ದರ್ಜೆಯಲ್ಲಿ ಸ್ಪರ್ಧಿಸುವ ಸಲುವಾಗಿ ನೀರು ಬಿಟ್ಟು, ಬೆವರು ಹರಿಸಿ, ಅವಸರದಿಂದ ಮೈತೂಕವನ್ನು ಇಳಿಸಿಕೊಂಡುದೇ ಅದಕ್ಕೆ ಕಾರಣ. ಅನಂತರ ಅಲ್ಲಿಯ ನಿಯಮಗಳೇ ಬದಲಾದುವು. ಮಗುವಿಗೆ ಊಟ ಬಿಟ್ಟು ತೂಕ ಇಳಿಸೆಂದು ಹೇಳುವ ಶಿಕ್ಷಕನು ಕಂಡರೆ ತಂದೆತಾಯಿಗಳು ಮೌನವಾಗಿರತಕ್ಕದ್ದಲ್ಲ.

ಪಟ್ಟಿ, ಪದಕ, ಪ್ರಮಾಣಪತ್ರ

ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವ ಪಟ್ಟಿಯೆಲ್ಲ ಪಾಂಡಿತ್ಯವೂ ಅಲ್ಲ. ದರ್ಜೆಗಳನ್ನು ಕೊಡುವ ಪದ್ಧತಿಯು ಕಾನೋ ಅವರ ಜೂಡೋ ಶಾಲೆಯಿಂದ ಕರಾಟೆಗೂ ಇತರ ಕಲೆಗಳಿಗೂ ಹರಡಿತು. ಕಪ್ಪು ಪಟ್ಟಿಯ ಮೊದಲ ದರ್ಜೆಗೆ ಜಪಾನೀ ಭಾಷೆಯಲ್ಲಿ ಶೋದಾನ್ ಎಂದು ಹೆಸರು. ಅದರ ಅರ್ಥ 'ಆರಂಭದ ದರ್ಜೆ' ಎಂದು. ನಾವು ಯಾವುದನ್ನು ಮುಗಿವು ಎಂದು ಭಾವಿಸುತ್ತೇವೆಯೋ ಅದನ್ನು ಆ ಕಲೆಯವರು ಅಕ್ಷರಾಭ್ಯಾಸದ ಮುಗಿವು ಎಂದಷ್ಟೇ ಭಾವಿಸಿದರು. ಹೀಗಿರುವಾಗ ಒಂದೇ ವರ್ಷದಲ್ಲಿ ಕಪ್ಪು ಪಟ್ಟಿಯನ್ನು ಕೊಡಿಸುತ್ತೇವೆಂಬ ಮಾತು ಕಲಿಕೆಯ ಮಾತಲ್ಲ, ವ್ಯಾಪಾರದ ಮಾತು.

ಶುಲ್ಕವನ್ನು ಕೇಳುವುದು ತಪ್ಪಲ್ಲ. ಗುರುವಿಗೂ ಸಂಸಾರವುಂಟು. ಆದರೆ ತಿಂಗಳ ಶುಲ್ಕವೆಷ್ಟು, ಪ್ರತಿ ಪಟ್ಟಿಯ ಪರೀಕ್ಷೆಗೆ ಎಷ್ಟು, ಉಡುಪಿಗೆ ಎಷ್ಟು, ಹೊರಊರಿನ ಸ್ಪರ್ಧೆಗೆ ಎಷ್ಟು ಎಂಬುದೆಲ್ಲವನ್ನೂ ಮೊದಲೇ ತಿಳಿಸುವವನು ಪ್ರಾಮಾಣಿಕ. ಕಡಮೆ ಶುಲ್ಕದಿಂದ ಆರಂಭಿಸಿ ಎರಡು ತಿಂಗಳಿಗೊಮ್ಮೆ ಹೊಸ ಬಣ್ಣದ ಪಟ್ಟಿಯ ನೆಪದಲ್ಲಿ ಹಣ ಕೇಳುವ ಕಡೆ ಜಾಗರೂಕರಾಗಿರಬೇಕು. ಬಡವನ ಮಗುವಿಗೆ ರಿಯಾಯಿತಿ ತೋರಿಸುವ ಗರಡಿಯಿದ್ದರೆ ಅದು ಅದರ ಹಿರಿಮೆಗೆ ಗುರುತು.

ಶಿಕ್ಷಕನ ಅರ್ಹತೆಯನ್ನು ತಿಳಿಯಲು ಎರಡು ದಾರಿಗಳುಂಟು. ಕುಸ್ತಿ, ಜೂಡೋ, ಬಾಕ್ಸಿಂಗ್ ಮೊದಲಾದ ಕ್ರೀಡೆಗಳಲ್ಲಿ ತರಬೇತಿದಾರರನ್ನು ತಯಾರಿಸುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಯೊಂದು 1961ರಿಂದ ಪಟಿಯಾಲದಲ್ಲಿದೆ. ಅಲ್ಲಿಯ ಪ್ರಮಾಣಪತ್ರಕ್ಕೆ ಬೆಲೆಯುಂಟು. ಸಿಲಂಬ, ಕಳರಿಗಳಂತಹ ಪರಂಪರೆಯ ಕಲೆಗಳಲ್ಲಿಯಾದರೋ, ನಿಮ್ಮ ಗುರು ಯಾರು, ಎಷ್ಟು ವರ್ಷ ಅವರಲ್ಲಿ ಕಲಿತಿರಿ ಎಂದು ಕೇಳಬೇಕು. ನಿಜವಾಗಿ ಕಲಿತವನು ತನ್ನ ಗುರುವಿನ ಹೆಸರನ್ನು ಹೇಳುವಾಗ ಅವನ ಮುಖವೇ ಬೆಳಗುತ್ತದೆ. ಕೇಳಿದ್ದಕ್ಕೆ ಕೋಪಿಸಿಕೊಳ್ಳುವವನಲ್ಲಿ ಮುಚ್ಚಿಡುವುದೇನೋ ಇರಬಹುದು.

ಒಳ್ಳೆಯ ಪಟುವೆಲ್ಲ ಒಳ್ಳೆಯ ಗುರುವಾಗುವನೆಂಬ ನಿಯಮವೂ ಇಲ್ಲ. ಗುರುವನ್ನು ಅಳೆಯಲು ಅವನ ಪದಕಗಳ ಕಪಾಟಿಗಿಂತ ಅವನ ಹಳೆಯ ಶಿಷ್ಯರೇ ಮೇಲಾದ ಸಾಧನ. ಮೂರು ನಾಲ್ಕು ವರ್ಷ ಉಳಿದು ಕಲಿತ ಹುಡುಗರು ಹೇಗಿದ್ದಾರೆ? ಅವರು ಬೀದಿಯಲ್ಲಿ ಜಗಳಗಂಟರಾಗಿದ್ದಾರೆಯೆ, ವಿನೀತರಾಗಿದ್ದಾರೆಯೆ? ಕಿರಿಯರನ್ನು ಜೋಡಿಯಾಗಿ ಹಿಡಿದಾಗ ಅವರ ಕೈ ಮೃದುವಾಗುತ್ತದೆಯೆ? ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ಗರಡಿಯಲ್ಲಿ ಕಣ್ಣಾರೆ ಕಾಣಬಹುದು.

ಮಗುವಿನ ಮಾನ, ಮಗುವಿನ ರಕ್ಷೆ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಗುರುಭಕ್ತಿಯು ನಮ್ಮ ಸಂಸ್ಕೃತಿಯ ಒಡವೆ. ಆದರೆ ಭಕ್ತಿಯೆಂದರೆ ಕಣ್ಣುಮುಚ್ಚಿಕೊಳ್ಳುವುದಲ್ಲ. ಕಾಳಗದ ಕಲೆಯಲ್ಲಿ ಶಿಕ್ಷಕನು ಮಗುವಿನ ಮೈಯನ್ನು ಮುಟ್ಟಿ ತಿದ್ದಬೇಕಾಗುತ್ತದೆ. ಮಗುವು ಆತನ ಮಾತಿಗೆ ಎದುರಾಡುವುದಿಲ್ಲ. ಇದೇ ಕಾರಣದಿಂದ ಕೆಟ್ಟವನ ಕೈಗೆ ಸಿಕ್ಕಿದರೆ ಅಪಾಯವೂ ಹೆಚ್ಚು. ಅಭ್ಯಾಸವು ಎಲ್ಲರಿಗೂ ಕಾಣುವ ತೆರೆದ ಸ್ಥಳದಲ್ಲಿ ನಡೆಯಬೇಕು. ತಂದೆತಾಯಿಗಳು ಯಾವಾಗ ಬೇಕಾದರೂ ಬಂದು ನೋಡಲು ಅಡ್ಡಿಯಿರಬಾರದು. ಒಂಟಿಯಾಗಿ ಬಾಗಿಲು ಮುಚ್ಚಿ ಕಲಿಸುವ ವಿಶೇಷ ಪಾಠವು ಬೇಡ. ಹೆಣ್ಣುಮಕ್ಕಳಿರುವಲ್ಲಿ ಉಡುಪು ಬದಲಿಸಲು ಬೇರೆ ಕೋಣೆಯೂ, ಸ್ಪರ್ಧೆಗೆ ಹೊರಊರಿಗೆ ಹೋಗುವಾಗ ಜೊತೆಗೆ ಮಹಿಳೆಯೊಬ್ಬರೂ ಇರಬೇಕು. ಗುರು ಹೇಳಿದ್ದನ್ನು ಮನೆಯಲ್ಲಿ ಹೇಳಬೇಡವೆಂದು ಮಗುವಿಗೆ ಯಾರಾದರೂ ಕಟ್ಟುಮಾಡಿದರೆ, ಆ ದಿನವೇ ಆ ಗರಡಿಯನ್ನು ಬಿಡಿಸತಕ್ಕದ್ದು.

18 ವರ್ಷಕ್ಕೆ ಕಡಮೆ ವಯಸ್ಸಿನ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ನಮ್ಮ ದೇಶದಲ್ಲಿ 2012ರಲ್ಲಿ ಪೋಕ್ಸೋ ಕಾಯಿದೆಯು ಬಂದಿದೆ. ಮಗುವಿನ ನಂಬಿಕೆಗೆ ಪಾತ್ರನಾದ ಅಧಿಕಾರಸ್ಥನೇ ಅಪರಾಧಿಯಾದರೆ ಶಿಕ್ಷೆಯು ಇನ್ನೂ ಕಠಿನ. ಇಂತಹ ಅಪರಾಧವು ತಿಳಿದುಬಂದವರು ಪೊಲೀಸರಿಗೆ ತಿಳಿಸಲೇಬೇಕೆಂದು ಕಾನೂನು ಹೇಳುತ್ತದೆ. 1098 ಎಂಬ ದೂರವಾಣಿ ಸಂಖ್ಯೆಯು ಮಕ್ಕಳ ಸಹಾಯಕ್ಕಾಗಿಯೇ ಇದೆ. ಈ ಸಂಖ್ಯೆಯನ್ನು ಪ್ರತಿ ಮಗುವೂ ಬಾಯಿಪಾಠ ಮಾಡಿಕೊಂಡಿರಲಿ. ಹೊಡೆತದ ವಿಷಯವೂ ಹಾಗೆಯೇ. ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಶಾಲೆಯಲ್ಲಿ ಸಲ್ಲದ ಬೆತ್ತವು ಗರಡಿಯಲ್ಲಿ ಹೇಗೆ ಸಂದೀತು? ಎದುರಾಳಿಯ ಪೆಟ್ಟನ್ನು ತಾಳಿಕೊಳ್ಳಲು ಕಲಿಸುವುದು ಬೇರೆ, ಗುರುವಿನ ಸಿಟ್ಟನ್ನು ತಾಳಿಕೊಳ್ಳಲು ಕಲಿಸುವುದು ಬೇರೆ.

ವಿದ್ಯಾರ್ಥಿಗಳಿಗೆ ಎರಡು ಮಾತು

ಪ್ರಿಯ ವಿದ್ಯಾರ್ಥಿಗಳೇ, ಗುರುವನ್ನು ಪರೀಕ್ಷಿಸುವ ಹಕ್ಕು ಇರುವಂತೆಯೇ ಶಿಷ್ಯರಾದವರಿಗೆ ಕರ್ತವ್ಯವೂ ಉಂಟು. ಚಲನಚಿತ್ರದಲ್ಲಿ ಕಂಡ ಜಿಗಿತವನ್ನು ಮೊದಲ ದಿನವೇ ಕಲಿಸಲಿಲ್ಲವೆಂದು ಬೇಸರಪಟ್ಟು ಗರಡಿಯನ್ನು ಬಿಟ್ಟವರು ಎಷ್ಟೋ ಮಂದಿ. ಒಂದೇ ಹೆಜ್ಜೆಯನ್ನು ಸಾವಿರ ಸಲ ಇಡಿಸುವ ಗುರುವು ನಿಮ್ಮ ಕಾಲವನ್ನು ಹಾಳುಮಾಡುತ್ತಿಲ್ಲ, ನಿಮ್ಮ ಕಾಲನ್ನು ನೆಲೆಗೊಳಿಸುತ್ತಿದ್ದಾನೆ. ಕಲಿತವನಿಗಿಂತ ನುರಿತವನೇ ಮೇಲು. ಹೊತ್ತಿಗೆ ಸರಿಯಾಗಿ ಹೋಗಿರಿ, ಉಗುರು ಕತ್ತರಿಸಿಕೊಂಡು ಹೋಗಿರಿ, ಜೊತೆಗಾರನ ಮೈಯನ್ನು ನಿಮ್ಮ ಮೈಯೆಂದೇ ಭಾವಿಸಿರಿ. ಜೋಡಿಯು ನೆಲವನ್ನು ತಟ್ಟಿದರೆ ಆ ಕ್ಷಣವೇ ಹಿಡಿತವನ್ನು ಬಿಡಿರಿ.

ಈ ಕಲೆಯನ್ನು ಕಲಿತವನು ಯಾರನ್ನೂ ಸೋಲಿಸಬಲ್ಲನೆಂಬ ಭ್ರಮೆಯೂ ಬೇಡ. ಬೀದಿಯಲ್ಲಿ ಅಪಾಯ ಕಂಡರೆ ಕೂಗಿ ಜನರನ್ನು ಕರೆಯುವುದೂ, ಓಡಿ ಪಾರಾಗುವುದೂ ಹೇಡಿತನವಲ್ಲ. ಒಳ್ಳೆಯ ಗುರುವು ಮೊದಲು ಕಲಿಸುವ ಆತ್ಮರಕ್ಷಣೆ ಅದೇ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದು ತೋಳಿನಲ್ಲಿ ಬಲವುಳ್ಳವರಿಗೂ ಸಲ್ಲುವ ಮಾತು.

ಸೇರುವ ಮುನ್ನ ಕೇಳತಕ್ಕ ಪ್ರಶ್ನೆಗಳು

ತಂದೆತಾಯಿಗಳು ಮಗುವನ್ನು ಸೇರಿಸುವ ಮೊದಲು ಎರಡು ಮೂರು ದಿನ ಹೋಗಿ ಸುಮ್ಮನೆ ಕುಳಿತು ನೋಡುವುದು ಒಳ್ಳೆಯದು. ಆಗ ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿರಿ.

1. ನೆಲವು ಮೃದುವಾಗಿದೆಯೆ? ಹದಮಾಡಿದ ಮಣ್ಣೋ ದಪ್ಪ ಚಾಪೆಯೋ ಇದೆಯೆ, ಬರಿಯ ಸಿಮೆಂಟೆ?
2. ಒಬ್ಬ ಶಿಕ್ಷಕನ ಕಣ್ಣಿಗೆ ಎಷ್ಟು ಮಕ್ಕಳು? ಎಲ್ಲರನ್ನೂ ಆತನು ನೋಡಬಲ್ಲನೆ?
3. ಅಭ್ಯಾಸಕ್ಕೆ ಮೊದಲು ಮೈಯನ್ನು ಬಿಸಿಮಾಡಿಸುತ್ತಾರೆಯೆ? ನಡುವೆ ನೀರು ಕೊಡುತ್ತಾರೆಯೆ?
4. ಜೋಡಿಗಳನ್ನು ವಯಸ್ಸು ತೂಕಗಳಿಗೆ ಅನುಸಾರವಾಗಿ ಮಾಡುತ್ತಾರೆಯೆ?
5. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿದೆಯೆ? ಅದನ್ನು ಬಳಸಬಲ್ಲವರು ಇದ್ದಾರೆಯೆ?
6. ಸೋತ ಮಗುವಿನೊಡನೆ ಶಿಕ್ಷಕನು ಹೇಗೆ ಮಾತನಾಡುತ್ತಾನೆ?
7. ಶುಲ್ಕದ ವಿವರವನ್ನು ಬರವಣಿಗೆಯಲ್ಲಿ ಕೊಡುತ್ತಾರೆಯೆ?
8. ಪಾಠ ಮುಗಿದ ಮೇಲೆ ಮಕ್ಕಳ ಮುಖದಲ್ಲಿ ದಣಿವಿನ ಜೊತೆಗೆ ಉಲ್ಲಾಸವಿದೆಯೆ, ಹೆದರಿಕೆಯಿದೆಯೆ?

ಈ ಎಂಟರಲ್ಲಿ ಆರನೆಯದನ್ನೂ ಎಂಟನೆಯದನ್ನೂ ಯಾವ ಫಲಕವೂ ಹೇಳುವುದಿಲ್ಲ, ಯಾವ ಪ್ರಮಾಣಪತ್ರವೂ ತೋರಿಸುವುದಿಲ್ಲ. ಅವುಗಳನ್ನು ಕಾಣಲು ತಂದೆತಾಯಿಗಳ ಕಣ್ಣೇ ಬೇಕು. ವಾರಕ್ಕೊಂದು ಸಂಜೆಯನ್ನು ಅದಕ್ಕಾಗಿ ಮೀಸಲಿಟ್ಟರೆ ಅದು ಮಗುವಿಗೆ ಕೊಟ್ಟ ಶುಲ್ಕಕ್ಕಿಂತ ದೊಡ್ಡ ಕೊಡುಗೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಎಳೆಯ ಗಿಡವನ್ನು ಬಗ್ಗಿಸುವ ಕೈಯು ಅದನ್ನು ಮುರಿಯಲೂ ಬಲ್ಲದೆಂಬುದು ಆ ಗಾದೆಯ ಇನ್ನೊಂದು ಮಗ್ಗುಲು. ಅದು ಎಂತಹ ಕೈಯೆಂಬುದನ್ನು ನೋಡಿ ತಿಳಿದು ಗಿಡವನ್ನು ಒಪ್ಪಿಸಿರಿ. ನಮ್ಮ ಮಕ್ಕಳು ಬಲಿಷ್ಠರೂ ವಿನೀತರೂ ನಿರ್ಭೀತರೂ ಆಗಿ ಬೆಳೆಯಲೆಂದು ಹಾರೈಸುತ್ತೇವೆ.